ರಿಪೇರಿಯಾಗದ ಪರದೆ
ಹಳೆಯ ಕಂಪ್ಯೂಟರಿನಲ್ಲಿ ಇಮೇಲ್ ಸರಿಯಾಗಿ ಕಾಣುತ್ತಿಲ್ಲವೆಂದು ಯಾರೇ ಬರಲಿ, ರಿಪೇರಿಯಣ್ಣ ಮೊದಲು ಕರವಸ್ತ್ರದಿಂದ ಪರದೆ ಒರೆಸುತ್ತಿದ್ದ. ಅರ್ಧ ದೂರು ಅಲ್ಲೇ ತೀರುತ್ತಿತ್ತು. ಅಕ್ಷರದ ಬದಲು ಬರೀ ಚೌಕಗಳು ಕಂಡರೆ, "ಕಾಗದ ಬಂದಿದೆ ತಾಯಿ, ಅಕ್ಷರ ಇನ್ನೂ ದಾರೀಲಿದೆ" ಎಂದು ಫಾಂಟ್ ಹಾಕುತ್ತಿದ್ದ. ಪುಟ ಅರ್ಧಕ್ಕೇ ನಿಂತರೆ, "ಈ ಮುದುಕನಿಗೆ ಯಾಕ್ರೀ ಇಷ್ಟೊಂದು ಅಲಂಕಾರ?" ಎಂದು ಚಿತ್ರಗಳನ್ನೆಲ್ಲ ಕಿತ್ತು ಸಾದಾ ನೋಟಕ್ಕೆ ತರುತ್ತಿದ್ದ. ಅವನ ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಒಂದೊಂದು ಅಕ್ಷರವೂ ಕುಂಬಳಕಾಯಿಯಷ್ಟು. ಒಂದು ಸಾಲು ಓದಲು ಪುಟವನ್ನು ನಾಲ್ಕು ಸಲ ಪಕ್ಕಕ್ಕೆ ಎಳೆಯಬೇಕು. "ಊರಿಗೆಲ್ಲ ರಿಪೇರಿ ಮಾಡ್ತೀರಿ, ಮನೇಲಿ ಹೀಗೆ!" ಎಂದು ಹೆಂಡತಿ ಹಂಗಿಸಿದರೆ, "ಹಳೇ ಡಬ್ಬ ಕಣೇ, ಅದರ ಹಣೇಬರಹ" ಎನ್ನುತ್ತಿದ್ದ. ಆಕೆ ಡಬ್ಬವನ್ನು ಬೈಯುತ್ತಲೇ ತಂಗಿಯ ಪತ್ರಗಳನ್ನು ಓದುತ್ತಿದ್ದಳು. ಅವನು ತೀರಿಕೊಂಡ ಮರುತಿಂಗಳು, ಪಕ್ಕದಂಗಡಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಗೆಳೆಯ ಆ ಡಬ್ಬ ಸರಿಮಾಡಲೆಂದು ಅದರ ಮುಂದೆ ಕೂತ. ಎರಡು ಕೀಲಿ ಒತ್ತಿದರೆ ಸಾಕು, ಅಕ್ಷರ ಚಿಕ್ಕದಾಗುತ್ತಿತ್ತು; ಬೆರಳು ಚಾಚಿದ. ಅಷ್ಟರಲ್ಲಿ ಆಕೆ ಗೋಡೆ ತಡವಿಕೊಂಡು ಬಂದು, ಎದುರಿಗೇ ಇದ್ದ ಕುರ್ಚಿಯನ್ನು ಕೈಯಾಡಿಸಿ ಹುಡುಕಿ ಕೂತಳು. "ನನ್ನ ಕಣ್ಣಿಗೇನೂ ಆಗಿಲ್ಲ ಅಣ್ಣ, ಈ ಡಬ್ಬದ್ದೇ ತೊಂದರೆ. ಸರಿಹೋಗತ್ತಾ?" ಗೆಳೆಯ ಬೆರಳು ಹಿಂದೆಗೆದು, ಕರವಸ್ತ್ರದಿಂದ ಪರದೆಯನ್ನು ನಿಧಾನವಾಗಿ ಒರೆಸಿದ. "ಇಲ್ಲ ಅತ್ತಿಗೆ, ಇದು ರಿಪೇರಿ ಆಗೋ ಜಾತಿಯಲ್ಲ."