ಕೆಂಪು ಬಂತಾ?

ನಮ್ಮಕ್ಕ ಮಹಾ ಪುಕ್ಕಲಿ. ಊರಿನ ಲಾರಿಗಳ ಕರೆಂಟು ಕೆಲಸವೆಲ್ಲ ಅವಳದೇ, ಆದರೂ ಬ್ಯಾಟರಿಯ ಹತ್ತಿರ ಹೋಗುವಾಗ ಮಲಗಿದ ನಾಯಿಯ ಪಕ್ಕ ಹಾದುಹೋಗುವವಳ ಹಾಗೆ ಹೋಗುತ್ತಾಳೆ. ಮೊದಲು ಉಂಗುರ, ವಾಚು ಬಿಚ್ಚಿ ಡಬ್ಬಿಗೆ ಹಾಕಬೇಕು. ಬೀಡಿ ಹಚ್ಚಿದವರನ್ನು ರಸ್ತೆಯಾಚೆ ಅಟ್ಟಬೇಕು. "ದೂರ ನಿಲ್ರಿ, ದೂರ" ಎಂದು ಎಷ್ಟು ಸಲ ಹೇಳುತ್ತಾಳೆಂದರೆ, ಡ್ರೈವರುಗಳೆಲ್ಲ ಅವಳಿಗೆ ದೂರಕ್ಕ ಎಂದೇ ಹೆಸರಿಟ್ಟಿದ್ದಾರೆ.

ಕಾರಣ ಇಲ್ಲದೆ ಇಲ್ಲ. ಅಪ್ಪನಿಗೂ ಇದೇ ಕಸುಬು. ಒಂದು ದಿನ ಬ್ಯಾಟರಿ ಸಿಡಿದು ಅದರ ಆಸಿಡ್ ಅಪ್ಪನ ಎಡಗಣ್ಣನ್ನು ತಿಂದುಹಾಕಿತು. ಅಕ್ಕ ಆಗ ಅಪ್ಪನ ಪಕ್ಕದಲ್ಲೇ ಸ್ಪ್ಯಾನರ್ ಹಿಡಿದು ನಿಂತಿದ್ದಳು. ಅಂದಿನಿಂದ ಸಣ್ಣ ಕಿಡಿ ಕಂಡರೂ ಅವಳ ಕೈಕಾಲು ತಣ್ಣಗಾಗುತ್ತವೆ. ಅಂಗಡಿಯನ್ನು ಮಾತ್ರ ಮುಚ್ಚಲಿಲ್ಲ.

ನಾನು ಅವಳ ತಮ್ಮ, ಲಾರಿ ಓಡಿಸುವವನು. ನನ್ನದು ಗಟ್ಟಿ ಗುಂಡಿಗೆ ಎಂದು ಹೆಸರು. ಆ ಹೆಸರನ್ನು ಊರೆಲ್ಲ ಹಬ್ಬಿಸಿದವನೂ ನಾನೇ.

ನನ್ನ ಲಾರಿಗೆ ನನಗಿಂತ ಹತ್ತೇ ವರ್ಷ ಕಡಿಮೆ. ಅದರ ಚಾರ್ಜಿಂಗ್ ಕೈಕೊಟ್ಟಾಗಲೆಲ್ಲ ನಾವಿಬ್ಬರೂ ಕೆಲಸ ಮಾಡುವ ರೀತಿ ಒಂದೇ. ಅಕ್ಕ ಬಾನೆಟ್ ಒಳಗೆ ತಲೆ ಹಾಕಿರುತ್ತಾಳೆ, ನಾನು ಸೀಟಿನಲ್ಲಿ ಕೂತಿರುತ್ತೇನೆ. ಕೀಲಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಬೇಕು, ಇಂಜಿನ್ ಶುರುವಾದ ಮೇಲೆ ಆರಬೇಕು; ಆರಿದರೆ ಬ್ಯಾಟರಿ ಚಾರ್ಜ್ ಆಗುತ್ತಿದೆ ಎಂದರ್ಥ. ಅವಳಿಗೆ ಅಲ್ಲಿಂದ ಅದು ಕಾಣುವುದಿಲ್ಲ. "ಕೆಂಪು ಬಂತಾ?" ಎನ್ನುತ್ತಾಳೆ. "ಬಂತು" ಎನ್ನುತ್ತೇನೆ. "ಆರಿತಾ?" "ಆರಿತು." ಇಪ್ಪತ್ತು ವರ್ಷಗಳಿಂದ ಇಷ್ಟೇ ಮಾತು.

ಈಗ ನಾನು ಮಾಡಿದ ಘನಕಾರ್ಯಕ್ಕೆ ಬರುತ್ತೇನೆ. ಹದಿನೈದು ದಿನದ ಹಿಂದೆ ಗುಡ್ಡದ ದಾರಿಯಲ್ಲಿ ಆ ಕೆಂಪು ದೀಪ ಮಿಣುಕತೊಡಗಿತು. ಬೆಲ್ಟ್ ಸಡಿಲವಾಗಿತ್ತು, ನಾನೇ ಬಿಗಿ ಮಾಡಿದೆ, ದೀಪವೂ ಆರಿತು. ಆದರೆ ನನ್ನ ಕಣ್ಣು ಅದನ್ನು ಬಿಟ್ಟು ಕದಲಲಿಲ್ಲ. ಒಂದು ಕಡೆ ಪ್ರಪಾತ, ಇನ್ನೊಂದು ಕಡೆ ಬಂಡೆ, ನಾನು ನೋಡುತ್ತಿದ್ದದ್ದು ಕಾಳಿನಷ್ಟು ದೊಡ್ಡ ಆ ಗಾಜನ್ನು. ಈಗ ಹತ್ತುತ್ತದೆ, ಇನ್ನೇನು ಹತ್ತುತ್ತದೆ ಎಂದು ಎದೆ ಡವಗುಟ್ಟುತ್ತಿತ್ತು. ಮೂರನೆಯ ದಿನ ಲಾರಿ ನಿಲ್ಲಿಸಿ, ಡ್ಯಾಶ್‌ಬೋರ್ಡಿನ ಹಿಂದೆ ಕೈಹಾಕಿ ಬಲ್ಬನ್ನೇ ಕಿತ್ತು ಚರಂಡಿಗೆ ಎಸೆದೆ. ಪೀಡೆ ತೊಲಗಿತು ಎಂದುಕೊಂಡೆ.

ಅಲ್ಲಿಂದಲೇ ಬ್ಯಾಟರಿ ಮಲಗತೊಡಗಿತು. ದಿನವೂ ಯಾರನ್ನಾದರೂ ಕರೆದು ಲಾರಿ ತಳ್ಳಿಸಬೇಕಾಯಿತು. ಕೊನೆಗೆ ಅಕ್ಕನ ಅಂಗಡಿಗೆ ತಂದು ನಿಲ್ಲಿಸಿದೆ.

ಅಂದು ಅವಳು ಬೆಳಗ್ಗೆಯಿಂದ ಹುಡುಕಿದಳು. ಬೆಲ್ಟ್ ಸರಿ. ಟರ್ಮಿನಲ್ ಉಜ್ಜಿದಳು, ಅರ್ತ್ ವೈರ್ ಬದಲಿಸಿದಳು. ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರನ್ನು ಬಿಚ್ಚಿ ಮೇಜಿನ ಮೇಲಿಟ್ಟು ತಿರುಗಿಸಿ ನೋಡಿದರೆ ಅದೂ ಸರಿ. ಲಾರಿಗೆ ಕೂರಿಸಿದರೆ ಮಾತ್ರ ಹದಿನಾಲ್ಕು ವೋಲ್ಟ್ ತೋರಿಸಬೇಕಾದ ಮೀಟರ್ ಹನ್ನೆರಡರ ಮೇಲೆ ಏಳುತ್ತಿರಲಿಲ್ಲ.

"ಕೆಂಪು ಬಂತಾ?" ಎಂದು ಬಾನೆಟ್ ಒಳಗಿಂದ ಕೂಗಿದಳು.

ಬಲ್ಬ್ ಇದ್ದರಲ್ಲವೇ ಬರುವುದು. ಸುತ್ತ ನಾಲ್ಕು ಜನ ಡ್ರೈವರುಗಳು ನಿಂತಿದ್ದರು. ದೀಪಕ್ಕೆ ಹೆದರಿ ಕಿತ್ತೆ ಎಂದರೆ ನನ್ನ ಮಾನ ಅಲ್ಲೇ ಹರಾಜು. ಒಂದು ಬಲ್ಬಿನಿಂದ ಏನು ಮಹಾ ಆಗುತ್ತದೆ ಎಂದೂ ಅನ್ನಿಸಿತು.

"ಬಂತು" ಎಂದೆ.

"ಆರಿತಾ?"

"ಆರಿತು."

ಅಕ್ಕ ಮೀಟರನ್ನು ಅಂಗೈಗೆ ತಟ್ಟಿದಳು. "ಹಾಗಾದ್ರೆ ಚಾರ್ಜ್ ಬರ್ಲೇಬೇಕು. ಈ ದರಿದ್ರ ಮೀಟರೇ ಸುಳ್ಳು ಹೇಳ್ತಿದೆ" ಎಂದು ಅದಕ್ಕೆ ಹೊಸ ಸೆಲ್ ಹಾಕಿದಳು.

ಮಧ್ಯಾಹ್ನವಾಗಿತ್ತು. ಲಾರಿಯ ತುಂಬ ಶಾಲೆಯ ಬೆಂಚುಗಳಿದ್ದವು, ಸಂಜೆಯೊಳಗೆ ಗುಡ್ಡದಾಚೆ ಇಳಿಸಬೇಕಿತ್ತು. ಬೇರೆ ಬ್ಯಾಟರಿ ಹಾಕಿಕೊಟ್ಟರೂ ಅಕ್ಕನಿಗೆ ಸಮಾಧಾನವಿಲ್ಲ. "ಕಾರಣ ಗೊತ್ತಾಗ್ದೆ ನಿನ್ನೊಬ್ಬನ್ನೇ ಕಳ್ಸಲ್ಲ" ಎಂದು ಮೀಟರ್, ಟೆಸ್ಟ್ ಲ್ಯಾಂಪ್ ಹಿಡಿದು ಪಕ್ಕದ ಸೀಟಿಗೆ ಹತ್ತಿಯೇಬಿಟ್ಟಳು. ಟೆಸ್ಟ್ ಲ್ಯಾಂಪ್ ಎಂದರೆ ಎರಡು ವೈರ್ ಕಟ್ಟಿದ ಸಣ್ಣ ಬಲ್ಬ್, ಅಷ್ಟೇ.

ಅವಳು ಹಾಕಿದ್ದೂ ಅಂಗಡಿಯ ಮೂಲೆಯಲ್ಲಿದ್ದ ಹಳೇ ಬ್ಯಾಟರಿ. ಗುಡ್ಡದ ಮೇಲೆ ದಟ್ಟ ಮಂಜು, ಒಂದು ಗಂಟೆ ಹೆಡ್‌ಲೈಟ್ ಹಾಕಿಯೇ ಓಡಿಸಬೇಕಾಯಿತು. ಆಮೇಲೆ ಸುರಂಗ ಬಂತು. ಎರಡು ಕಿಲೋಮೀಟರ್ ಉದ್ದ, ಒಳಗೆ ಒಂದು ದೀಪವೂ ಇಲ್ಲ. ಅರ್ಧ ದಾರಿಗೆ ಬರುವಷ್ಟರಲ್ಲಿ ನಮ್ಮ ಹೆಡ್‌ಲೈಟ್ ಹಳದಿಯಾಯಿತು, ಆಮೇಲೆ ಕಂದಾಯಿತು, ಕೊನೆಗೆ ಗೋಡೆಯೇ ಕಾಣದಾಯಿತು. ಹಾರ್ನ್ ಒತ್ತಿದರೆ ಗಂಟಲು ಕಟ್ಟಿದವರ ಹಾಗೆ ಕೆಮ್ಮಿತು. ಎದುರಿನಿಂದ ಯಾವುದೋ ದೊಡ್ಡ ಗಾಡಿಯ ಸದ್ದು ಕೇಳುತ್ತಿತ್ತು. ತಿರುವಿನಾಚೆ ಇದ್ದುದರಿಂದ ಬೆಳಕು ಇನ್ನೂ ಕಾಣುತ್ತಿರಲಿಲ್ಲ.

"ಅಕ್ಕಾ, ನಿಲ್ಲಿಸ್ತೀನಿ."

"ನಿಲ್ಲಿಸ್ಬೇಡ. ಹಿಂದಿನ ಲೈಟೂ ಇಲ್ಲ, ಹಿಂದಿಂದ ಬರೋರು ಗುದ್ತಾರೆ." ಅವಳ ಧ್ವನಿ ನಡುಗುತ್ತಿತ್ತು. ಡ್ಯಾಶ್‌ಬೋರ್ಡಿನತ್ತ ಬಗ್ಗಿದಳು. "ಚಾರ್ಜ್ ಇಲ್ದಿದ್ರೆ ಕೆಂಪು ಉರೀತಿರ್ಬೇಕಲ್ಲ. ಎಲ್ಲೋ ಅದು?"

ಅವಳ ಕೈ ಡ್ಯಾಶ್‌ಬೋರ್ಡಿನ ಹಿಂದೆ ತಡಕಾಡಿತು.

"ಇಲ್ಲಿ ಬಲ್ಬೇ ಇಲ್ಲ. ಈ ಬಲ್ಬ್ ಮೂಲಕ ಹೋಗೋ ಚೂರು ಕರೆಂಟೇ ಕಣೋ ಆಲ್ಟರ್ನೇಟರನ್ನ ಎಬ್ಬಿಸೋದು."

ಟೆಸ್ಟ್ ಲ್ಯಾಂಪಿನ ಎರಡೂ ವೈರುಗಳನ್ನು ಆ ಖಾಲಿ ಹೋಲ್ಡರಿಗೆ ಬರಿಗೈಯಲ್ಲಿ ಒತ್ತಿದಳು. ಉಂಗುರ ಬಿಚ್ಚಲಿಲ್ಲ, ದೂರ ಎನ್ನಲಿಲ್ಲ. ಚಟ್ ಎಂದು ಕಿಡಿ ಹಾರಿತು. ಅಕ್ಕ "ಅಪ್ಪಾ" ಎಂದಳು, ಕೈ ಮಾತ್ರ ತೆಗೆಯಲಿಲ್ಲ. ಅವಳ ಬೆರಳ ಸಂದಿಯಲ್ಲಿ ಬಲ್ಬ್ ಮಂಕಾಗಿ ಹತ್ತಿತು.

"ರೇಸ್ ಕೊಡು."

ಕೊಟ್ಟೆ. ಬಲ್ಬ್ ಆರಿತು, ಹೆಡ್‌ಲೈಟ್ ನಿಧಾನವಾಗಿ ಮೇಲೆದ್ದಿತು. ನೋಡಿದರೆ ನಾವು ರಸ್ತೆಯ ಬಲಗಡೆಗೆ ಬಂದಿದ್ದೆವು, ಎದುರಿಗೆ ಜನ ತುಂಬಿದ ಬಸ್ಸು. ಸ್ಟೇರಿಂಗ್ ಎಳೆದೆ. ನಮ್ಮ ಎಡಗಡೆಯ ಕನ್ನಡಿ ಗೋಡೆಗೆ ಉಜ್ಜಿ ಮುರಿದು ಬಿತ್ತು. ಬಸ್ಸು ಒಂದು ಗೇಣು ಬಿಟ್ಟು ಹಾದುಹೋಯಿತು.

ಸುರಂಗ ದಾಟಿ ಲಾರಿ ನಿಲ್ಲಿಸಿ ಇಳಿದೆ. ಚಕ್ರಕ್ಕೆ ಒರಗಿ ಕೂತೆ. ಅಕ್ಕನ ಎರಡು ಬೆರಳ ತುದಿ ಬೊಬ್ಬೆ ಎದ್ದಿತ್ತು.

"ಹೆದ್ರಿಕೆ ಆಗ್ತಿತ್ತಕ್ಕ, ಆ ದೀಪ ನೋಡಿದ್ರೆ. ನಾನೇ ಕಿತ್ತು ಬಿಸಾಕಿದ್ದು."

"ಹೆದ್ರಿಸೋಕೇ ಅದನ್ನ ಇಟ್ಟಿರೋದು ಕಣೋ" ಎಂದಳು. ಬೈಯಲಿಲ್ಲ. ಬಹಳ ಹೊತ್ತು ಬೆರಳನ್ನು ಊದಿಕೊಂಡಳು. ಆಮೇಲೆ, "ನಾನು ಮೀಟರಿಗೆ ಬೈದೆ" ಎಂದಳು.

ಹೊಸ ಬಲ್ಬ್ ಹಾಕಿದ್ದು ಮರುದಿನ, ಅಂಗಡಿಯಲ್ಲಿ. ಅಕ್ಕ ಎಂದಿನಂತೆ ಬಾನೆಟ್ ಒಳಗೆ ತಲೆ ಹಾಕಿದ್ದಳು, ನಾನು ಕೀಲಿ ತಿರುಗಿಸಿದೆ.

"ಕೆಂಪು ಬಂತಾ?"

"ಬಂತು" ಎಂದೆ. ನಿಜವಾಗಿಯೂ ಬಂದಿತ್ತು.

ಅಕ್ಕ ಬಟ್ಟೆಗೆ ಕೈ ಒರೆಸಿಕೊಂಡಳು. ಬಾನೆಟ್ ಬಿಟ್ಟು, ಲಾರಿಯನ್ನು ಸುತ್ತಿಕೊಂಡು ನನ್ನ ಬಾಗಿಲ ಹತ್ತಿರ ಬಂದಳು. ಮೆಟ್ಟಿಲ ಮೇಲೆ ಕಾಲಿಟ್ಟು ಒಳಗೆ ಬಗ್ಗಿ, ದೀಪವನ್ನು ತನ್ನ ಕಣ್ಣಾರೆ ನೋಡಿ ವಾಪಸು ಹೋದಳು.