ದೇವರ ಪೆಟ್ಟಿಗೆಗೊಂದು ಜಾಗ

ಪ್ರಯಾಣಕ್ಕಿಂತ ಪ್ರಯಾಣದ ಸಿದ್ಧತೆಯೇ ನನ್ನನ್ನು ಹೆಚ್ಚು ದಣಿಸುತ್ತದೆ. ಹೊರಡುವ ಮೊದಲೇ ಹೋಗಿ ಬಂದವನಷ್ಟು ಸೋತಿರುತ್ತೇನೆ. ಮೊನ್ನೆ ಮಗಳು ವಸುಧಾ, ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಟ್ರೇಲರೊಂದನ್ನು ಬಾಡಿಗೆಗೆ ತಂದು ಜಯನಗರದ ನಮ್ಮ ಮನೆಯ ಮುಂದೆ ನಿಲ್ಲಿಸಿದಾಗಲೂ ಹೀಗೇ ಆಯಿತು. ಒಳಗೆ ಮಂಚ, ಒಲೆ, ಪುಟ್ಟ ಕಪಾಟುಗಳು. ಹೊಳೆಯ ದಡದಲ್ಲಿ ಅದನ್ನು ನಿಲ್ಲಿಸಿಕೊಂಡು ಕೆಲವು ದಿನ ಅದರಲ್ಲೇ ವಾಸ.

ವಾನಪ್ರಸ್ಥಕ್ಕೆ ಹೊರಟ ಹಿರಿಯರು ಅಗ್ನಿಯೊಂದನ್ನು ಜೊತೆಗಿಟ್ಟುಕೊಂಡು ಉಳಿದದ್ದನ್ನೆಲ್ಲ ಬಿಟ್ಟು ನಡೆಯುತ್ತಿದ್ದರಂತೆ. ನಾನಾದರೋ ಕಾಲುನೋವಿನ ಎಣ್ಣೆಯಿಂದ ಹಿಡಿದು ಒರಗುದಿಂಬಿನವರೆಗೆ ಎಲ್ಲವನ್ನೂ ಗೇಟಿನ ಬಳಿ ಪೇರಿಸಿದ್ದೆ. ತರಕಾರಿ ಗಾಡಿಯವನು ನಿಂತು ನೋಡಿದ.

"ಏನ್ ಸಾರ್, ಮನೆ ಖಾಲಿ ಮಾಡ್ತಿದೀರಾ?"

"ಇಲ್ಲಪ್ಪ, ಸೋಮವಾರ ಬಂದ್ಬಿಡ್ತೀವಿ."

ಅವನು ನಂಬಿದಂತೆ ಕಾಣಲಿಲ್ಲ.

ನಿಜವಾದ ತೊಡಕು ದೇವರ ಪೆಟ್ಟಿಗೆಯದು. ನಮ್ಮ ಮನೆಯ ಸಾಲಿಗ್ರಾಮಕ್ಕೆ ನಿತ್ಯವೂ ಅಭಿಷೇಕವಾಗಬೇಕು. ತಂದೆಯವರು ಅದನ್ನು ನನ್ನ ಅಂಗೈಗಿತ್ತಂದಿನಿಂದ ಆ ಕ್ರಮ ತಪ್ಪಿಲ್ಲ. ಅದು ಬಾರದಿದ್ದರೆ ನಾನೂ ಹೊರಡುವಂತಿಲ್ಲ. ಆದರೆ ಟ್ರೇಲರಿನ ಶಾಸ್ತ್ರವೇ ಬೇರೆ. ಭಾರದ ಸಾಮಾನು ತಳದಲ್ಲಿ, ಚಕ್ರಗಳ ಆಸುಪಾಸಿನಲ್ಲಿರಬೇಕು. ಹಗುರವಾದದ್ದು ಮಾತ್ರ ಮೇಲಿನ ಕಪಾಟಿಗೆ. ನಮ್ಮ ಸಾಮಾನಿನಲ್ಲಿ ಎಲ್ಲಕ್ಕಿಂತ ಭಾರವಾದದ್ದು ದೇವರ ಪೆಟ್ಟಿಗೆಯೇ. ಏದುಸಿರು ಬಿಡುತ್ತ ಅದನ್ನು ಹೊತ್ತು ತಂದೆ.

"ಅಪ್ಪ, ಇದು ಮಂಚದ ಕೆಳಗೇ ಹೋಗ್ಬೇಕು."

"ಚಪ್ಪಲಿ ಪಕ್ಕದಲ್ಲಾ? ನಾವು ಮೇಲೆ ಕಾಲು ಚಾಚ್ಕೊಂಡು ಮಲಗೋದು, ದೇವರು ಕೆಳಗಾ?"

"ಮೇಲಿಟ್ರೆ ತಿರುವಲ್ಲಿ ಕಪಾಟೇ ಕಿತ್ಕೊಂಡು ಬರತ್ತೆ. ಆಗ್ಲೂ ದೇವ್ರು ಕೆಳಗೇ!"

"ಹಾಗಾದ್ರೆ ನೀನೂ ನಿಮ್ಮಮ್ಮನೂ ಹೋಗ್ಬನ್ನಿ," ಎಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಸಿಟ್ಟಿಗಿಂತ ಆಯಾಸವೇ ಹೆಚ್ಚು. ಸುಳ್ಳೇಕೆ, ಮನೆಯಲ್ಲೇ ಉಳಿಯಲು ಇದಕ್ಕಿಂತ ಗೌರವದ ಕಾರಣ ನನಗೆ ಸಿಗುತ್ತಿರಲಿಲ್ಲ.

ಪತ್ನಿ ಬಾಗಿಲಿಗೊರಗಿ ಕೇಳುತ್ತಿದ್ದಳು. ಸಾಲಿಗ್ರಾಮವನ್ನು ಹೆಂಗಸರು ಮುಟ್ಟುವ ರೂಢಿ ನಮ್ಮಲ್ಲಿಲ್ಲ. ಮಾತಿಗೆ ಆ ನಿರ್ಬಂಧವಿಲ್ಲ.

"ರೀ, ಅದರೊಳಗೆ ದೇವರು ಎಷ್ಟು ಭಾರ ಇದಾರೆ? ತೆಗೆದು ನೋಡಿ."

ಪೆಟ್ಟಿಗೆಯನ್ನು ದೇವರಮನೆಗೆ ಮರಳಿ ಹೊತ್ತು, ಮತ್ತೊಮ್ಮೆ ಸ್ನಾನ ಮಾಡಿ, ಮಡಿಯುಟ್ಟು ತೆರೆದೆ. ಹಿತ್ತಾಳೆಯ ದೀಪಗಳು, ಎರಡು ಗಂಟೆಗಳು, ಸವೆದ ಸಾಣೆಕಲ್ಲು, ಬಂಧುಗಳು ಕಾಶಿಯಿಂದ ತಂದುಕೊಟ್ಟ ಗಂಗೆಯ ತಂಬಿಗೆಗಳು, ಮುಚ್ಚಳ ಕಳೆದುಕೊಂಡ ಕುಂಕುಮದ ಭರಣಿ. ಕಟ್ಟಕಡೆಗೆ ತುಳಸೀದಳಗಳ ನಡುವೆ ಸಾಲಿಗ್ರಾಮ, ನೆಲ್ಲಿಕಾಯಿಯಷ್ಟು. ಅಂಗೈಯಲ್ಲಿಟ್ಟುಕೊಂಡೆ, ಇಷ್ಟು ಹೊತ್ತು ಏದುಸಿರು ಬಿಟ್ಟದ್ದು ಇದಕ್ಕಾಗಿಯಲ್ಲ.

ಬೆಳ್ಳಿಯ ಪುಟ್ಟ ಸಂಪುಟದಲ್ಲಿ, ಉದ್ಧರಣೆ ಪಂಚಪಾತ್ರೆಯೊಡನೆ, ಸ್ವಾಮಿ ಮೇಲಿನ ಕಪಾಟಿನಲ್ಲಿ ಬಿಜಯಮಾಡಿದ. ಎರಡು ಶಾಸ್ತ್ರಗಳೂ ಒಪ್ಪಿದವು.

ವಸುಧಾ ಗೇಟಿನ ಬಳಿಯ ನನ್ನ ಗಂಟುಮೂಟೆಗಳನ್ನು ನೋಡಿದಳು. ದೇವರೇ ಇಷ್ಟು ಕಡಿಮೆ ಸಾಮಾನಿನಲ್ಲಿ ಹೊರಟ ಮೇಲೆ ನಾನೇನು ವಾದಿಸಲಿ? ಒರಗುದಿಂಬನ್ನು ನಾನೇ ಮನೆಯೊಳಗಿಟ್ಟು ಬಂದೆ. ಎಣ್ಣೆಯ ಸೀಸೆಯನ್ನು ಮಾತ್ರ ಜೇಬಿಗೆ ಸೇರಿಸಿದೆ. ನನ್ನ ಕಾಲುಗಳಿನ್ನೂ ವಾನಪ್ರಸ್ಥಕ್ಕೆ ಸಿದ್ಧವಾಗಿಲ್ಲ.