ಭಾಗ್ಯಾಳ ಹೆಸರಿನ ಹಸಿರು ಚುಕ್ಕೆ

ಈ ಪ್ರಕರಣದ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅದು 2023ರ ಡಿಸೆಂಬರ್ ಎಂದು ನನ್ನ ನಂಬಿಕೆ, ಮುಂದಿನ ಜನವರಿಯೂ ಇರಬಹುದು. ಹೊಲಗಳಲ್ಲಿ ತೊಗರಿ ರಾಶಿ ನಡೆದಿತ್ತು ಎಂಬುದಷ್ಟೇ ಖಚಿತ. ಅಕ್ಕನ ಮನೆಗೆ ಹೋದದ್ದು ಮಧ್ಯಾಹ್ನ ಎಂದು ಮನಸ್ಸು ಹೇಳುತ್ತದೆ, ನನ್ನ ಡೈರಿಯಲ್ಲಿ ಬೆಳಿಗ್ಗೆ ಎಂದಿದೆ. ಆದರೆ ಡೈರಿ ಬರೆದದ್ದು ಸಿಟ್ಟಿನಲ್ಲಿ, ಹಾಗಾಗಿ ಅದನ್ನೂ ಪೂರ್ತಿ ನಂಬಲಾರೆ. ಅಂದು ಕೇಳಿದ ಮಾತುಗಳ ವಿಷಯದಲ್ಲಿ ಮಾತ್ರ ನನಗೆ ಅಷ್ಟು ಅನುಮಾನವಿಲ್ಲ. ಅಸಹ್ಯ ಹುಟ್ಟಿಸಿದ ಮಾತುಗಳು ಬೇಗ ಮರೆಯುವುದಿಲ್ಲ.

ಆಗ ನಾನು ಸಿಂದಗಿಯಲ್ಲಿ ಒಂದು ಖಾಸಗಿ ಇಂಟರ್ನೆಟ್ ಸಂಸ್ಥೆಯ ಗ್ರಾಹಕ ಸೇವೆಯನ್ನು ನೋಡಿಕೊಳ್ಳುತ್ತಿದ್ದೆ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ದೂರುಗಳೂ ನನ್ನ ಮೇಜಿಗೇ ಬರುತ್ತಿದ್ದವು. ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿದ್ದೆ. ಕೇಬಲ್ ತುಂಡಾದರೆ ಜೋಡಿಸುವುದು, ವೇಗ ಕುಂದಿದರೆ ಕಾರಣ ಹುಡುಕುವುದು ನನ್ನ ಕೆಲಸ ಎಂದುಕೊಂಡು ಸೇರಿದವಳು. ಆದರೆ ಆ ಒಂದೆರಡು ವರ್ಷ ಹೆಚ್ಚು ಕೇಳಿಬಂದ ಬೇಡಿಕೆಯೇ ಬೇರೆ: ಪೇರೆಂಟಲ್ ಕಂಟ್ರೋಲ್.

ಅದು ಮನೆಯ ರೌಟರಿನಲ್ಲೇ ಇರುವ ಒಂದು ಸೌಲಭ್ಯ. ಮಗುವಿನ ಹೆಸರಿನಲ್ಲಿ ಒಂದು ಪ್ರೊಫೈಲ್ ಮಾಡಿ, ಮಗು ಬಳಸುವ ಫೋನನ್ನು ಅದಕ್ಕೆ ಸೇರಿಸಬೇಕು. ಆ ಫೋನಿಗೆ ಯಾವ ಬಗೆಯ ತಾಣಗಳು ತೆರೆಯಬಾರದು, ಎಷ್ಟು ಹೊತ್ತಿಗೆ ಇಂಟರ್ನೆಟ್ ನಿಲ್ಲಬೇಕು ಎಂದು ತಂದೆತಾಯಿ ತಮ್ಮ ಮೊಬೈಲಿನ ಆ್ಯಪಿನಿಂದಲೇ ಗೊತ್ತುಮಾಡಬಹುದು. ತಡೆದ ತಾಣವನ್ನು ಯಾರಾದರೂ ತೆರೆಯಹೋದರೆ ಆ್ಯಪಿಗೆ ಸೂಚನೆ ಬರುತ್ತದೆ. ಒಳ್ಳೆಯ ಸೌಲಭ್ಯ, ಈಗಲೂ ಹಾಗೆಯೇ ಹೇಳುತ್ತೇನೆ. ಆದರೆ ಅದನ್ನು ಕೇಳುವವರ ಮಾತಿನ ಧಾಟಿಯೇ ನನಗೆ ವಾಕರಿಕೆ ತರುತ್ತಿತ್ತು. ಇಂಡಿಯ ಗ್ರಾಹಕರೊಬ್ಬರು, "ಮಗಳ ಫೋನಿಗೆ ಅಷ್ಟ ಹಾಕ್ರಿ. ಹುಡುಗರಿಗೆ ಬ್ಯಾಡ್ರಿ, ಅವು ಗಂಡ ಹುಡುಗರು," ಎಂದರು. ಮುದ್ದೇಬಿಹಾಳದ ಇನ್ನೊಬ್ಬರಿಗೆ ಸೊಸೆಯ ಮೆಸೇಜುಗಳನ್ನು ಓದಬೇಕಿತ್ತು. ರೌಟರಿನಿಂದ ಅದು ಆಗದು ಎಂದಾಗ, "ಮತ್ತ ರೊಕ್ಕ ಯಾತಕ್ಕ ತಗೋತೀರಿ?" ಎಂದು ಬೈದರು.

ನಮ್ಮಕ್ಕ ಶೋಭಾಳ ಮನೆ ಆಲಮೇಲದಲ್ಲಿ. ಮನೆಯಲ್ಲಿ ಅವಳು, ಭಾವ ಮಲ್ಲಣ್ಣ, ಒಬ್ಬಳೇ ಮಗಳು ಭಾಗ್ಯಾ, ಜೊತೆಗೆ ಭಾವನ ತಮ್ಮ ರಾಜು. ರಾಜುವಿನ ಹೆಂಡತಿ ಮಕ್ಕಳ ಓದಿಗೆಂದು ವಿಜಯಪುರದಲ್ಲಿ ಬೇರೆ ಮನೆ ಮಾಡಿದ್ದಳು. ಗೊಬ್ಬರದ ಅಂಗಡಿ ನೋಡಿಕೊಳ್ಳಲು ಅವನು ಊರಲ್ಲೇ ಉಳಿದಿದ್ದ. ಓಣಿಯಲ್ಲಿ ನಾಲ್ಕು ಮಂದಿಗೆ ಬುದ್ಧಿ ಹೇಳುವ ಮನುಷ್ಯ. ಭಾಗ್ಯಾ ಹತ್ತನೆಯ ಇಯತ್ತೆ ಪಾಸಾದಾಗ ಭಾವ ಅವಳಿಗೊಂದು ಒಳ್ಳೆಯ ಫೋನ್ ಕೊಡಿಸಿದರು. ಆಗ ನಾನೇ ಆ ಫೋನನ್ನು ಕೈಯಲ್ಲಿ ಹಿಡಿದು, ರೌಟರಿನಲ್ಲಿ 'ಭಾಗ್ಯಾ' ಎಂಬ ಪ್ರೊಫೈಲ್ ಮಾಡಿ, ಆ್ಯಪನ್ನು ಭಾವನ ಮೊಬೈಲಿಗೆ ಹಾಕಿಕೊಟ್ಟಿದ್ದೆ. ಆಮೇಲೆ ಅದನ್ನು ಮರೆತೂಬಿಟ್ಟಿದ್ದೆ.

ಭಾಗ್ಯಾ ಎರಡನೇ ಪಿಯುಸಿಗೆ ಬಂದು, ದಿನವೂ ಆಲಮೇಲದಿಂದ ಸಿಂದಗಿಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಒಂದು ದಿನ ಭಾವ ಆಫೀಸಿಗೆ ಫೋನ್ ಮಾಡಿದರು. "ಸುಮಾ, ಮನಿಗೆ ಬಂದ ಹೋಗವಾ. ಹುಡುಗಿ ಕೈ ಬಿಟ್ಟು ಹೋಗ್ಯಾಳ," ಎಂದಷ್ಟೇ ಹೇಳಿ ಇಟ್ಟರು.

ಹೋದಾಗ ಪಡಸಾಲೆಯಲ್ಲಿ ಅಕ್ಕ ಮೊರದಲ್ಲಿ ಬೇಳೆ ಆರಿಸುತ್ತಿದ್ದಳು. ಭಾಗ್ಯಾ ಗೋಡೆಗೆ ಆತು ಕುಳಿತಿದ್ದಳು. ಎಂಟು ದಿನದಿಂದ ಅವಳನ್ನು ಕಾಲೇಜಿಗೆ ಕಳಿಸಿಲ್ಲ ಎಂದು ನನಗೆ ಗೊತ್ತಾದದ್ದೇ ಆಗ. ಭಾವ ಮೊಬೈಲನ್ನು ನನ್ನ ಮುಂದೆ ಹಿಡಿದರು. ತಿಂಗಳುಗಟ್ಟಲೆ ತೆರೆಯದಿದ್ದ ಆ್ಯಪನ್ನು ಅವರು ತೆರೆದು ನೋಡಿದ್ದೇ ಎಂಟು ದಿನದ ಹಿಂದಂತೆ. ಭಾಗ್ಯಾಳ ಹೆಸರಿನಲ್ಲಿ ಸಾಲುಸಾಲು ಸೂಚನೆಗಳು, ಎಲ್ಲವೂ ವಯಸ್ಕರ ತಾಣಗಳನ್ನು ತೆರೆಯಲು ಮಾಡಿದ ಪ್ರಯತ್ನಗಳು.

"ಫೋನ್ ಕಸಗೊಂಡು, ಬಂದ್ ಮಾಡಿ, ತಿಜೋರ್ಯಾಗ ಇಟ್ಟೀನಿ," ಎಂದರು ಭಾವ. "ಆದ್ರೂ ಬರೂದು ನಿಂತಿಲ್ಲ. ನಿನ್ನೆನೂ ಬಂದೈತಿ ನೋಡು, ಅಕೀ ಹೆಸರಲೇನ."

"ಬಂದ್ ಇದ್ದ ಫೋನಿನಿಂದ ಹೆಂಗ ಬರತೈತಿ ಭಾವಾ?"

"ಅದ ಹೇಳಾಕತ್ತೀನಿ. ಇನ್ನೊಂದು ಫೋನ್ ಐತಿ ಇಕೀ ಕಡೆ. ಯಾವನೋ ಕೊಟ್ಟಾನ. ರಾಜೂನೂ ಅದನ್ನ ಅಂದ. ಕಾಲೇಜ್ ಬಿಡಸೂನು, ಇಂಡಿ ಕಡೆ ಒಂದು ಮನೆತನ ಐತಿ, ಮಾತಾಡ್ತೀನಿ ಅಂತಾನ. ಅದಕ್ಕೂ ಮೊದಲ ಆ ಫೋನ್ ಎಲ್ಲೈತಿ ಹುಡುಕಿ ಕೊಡು. ನೀ ಓದಿದಾಕಿ."

ಹುಡುಕುವುದರಲ್ಲಿ ಅವರು ಏನೂ ಬಾಕಿ ಇಟ್ಟಿರಲಿಲ್ಲ. ಅವಳ ಪುಸ್ತಕದ ಚೀಲ ಸುರುವಿದ್ದರು, ಬಟ್ಟೆಗಳನ್ನು ಒಂದೊಂದಾಗಿ ಝಾಡಿಸಿದ್ದರು, ಗಾದಿಯ ಹೊಲಿಗೆ ಬಿಚ್ಚಿದ್ದರು, ಜೋಳದ ಚೀಲದಲ್ಲಿ ಕೈ ಹಾಕಿದ್ದರು. ಇದನ್ನೆಲ್ಲ ಭಾವ ಒಂದು ದೊಡ್ಡ ಜವಾಬ್ದಾರಿ ನಿಭಾಯಿಸಿದವರಂತೆ ವಿವರಿಸಿದರು. ಭಾಗ್ಯಾ ತಲೆ ಎತ್ತದೆ, "ಚಿಗವ್ವಾ, ನಾ ಏನೂ ನೋಡಿಲ್ಲ. ಬರೂ ವಾರ ಫಿಜಿಕ್ಸ್ ಪ್ರಾಕ್ಟಿಕಲ್ ಐತಿ. ಅದಕ್ಕಷ್ಟರ ಕಳಸಂತ ಹೇಳು," ಎಂದಳು. ಬರುವ ವಾರವೋ ಅದರಾಚೆಯ ವಾರವೋ, ನನಗೆ ಸರಿಯಾಗಿ ನೆನಪಿಲ್ಲ. ಅವಳು ಬೇಡಿದ್ದು ಇಷ್ಟನ್ನೇ ಎಂಬುದು ನೆನಪಿದೆ.

ನಾನು ಆ್ಯಪಿನಲ್ಲಿ ಪ್ರೊಫೈಲ್ ತೆರೆದೆ. ಫೋನು ರೌಟರಿಗೆ ಆ ಗಳಿಗೆಯಲ್ಲಿ ಜೋಡಣೆಯಾಗಿದ್ದರೆ ಹೆಸರಿನ ಪಕ್ಕ ಹಸಿರು ಚುಕ್ಕೆ ಕಾಣುತ್ತದೆ, ಇಲ್ಲದಿದ್ದರೆ ಬೂದು. ಭಾಗ್ಯಾಳ ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕೆ ಇತ್ತು. ಅಂದರೆ ಆ ಫೋನು ಆಗಲೇ, ಅದೇ ಮನೆಯಲ್ಲೇ, ಯಾರದೋ ಕೈಯಲ್ಲಿತ್ತು. ಭಾಗ್ಯಾಳ ಎರಡೂ ಕೈ ನನ್ನ ಕಣ್ಣ ಮುಂದೆ ಅವಳ ಮೊಣಕಾಲ ಮೇಲಿದ್ದವು.

ಒಂದು ಫೋನಿನ ಇಂಟರ್ನೆಟ್ಟನ್ನು ಮಾತ್ರ ತಕ್ಷಣ ನಿಲ್ಲಿಸುವ ಗುಂಡಿಯೂ ಆ್ಯಪಿನಲ್ಲಿದೆ. ಯಾರಿಗೂ ಹೇಳದೆ ಅದನ್ನು ಒತ್ತಿದೆ.

ಒಳಗಿನ ಖೋಲಿಯಿಂದ ಕ್ರಿಕೆಟ್ಟಿನ ಸದ್ದು ಕೇಳುತ್ತಿತ್ತು. ಅದು ಸ್ವಲ್ಪ ಹೊತ್ತಿನಲ್ಲೇ ನಿಂತಿತು. ಹಿಂದೆಯೇ ರಾಜುವಿನ ದನಿ: "ಏ ಭಾಗ್ಯಾ! ನೆಟ್ ಹೋತ ನೋಡವಾ! ಆ ಡಬ್ಬಿ ಒಮ್ಮೆ ಬಂದ್ ಮಾಡಿ ಚಾಲೂ ಮಾಡು!"

ನಾನು ಗುಂಡಿಯನ್ನು ಮತ್ತೆ ಒತ್ತಿ ನೆಟ್ ಬಿಟ್ಟೆ. ಕ್ರಿಕೆಟ್ ಶುರುವಾಯಿತು. ಇನ್ನೊಮ್ಮೆ ಒತ್ತಿದೆ.

"ಮತ್ತ ಹೋತು! ಏನ್ ಹಾಳ ನೆಟ್ ಐತೋ ಇದು!" ಎನ್ನುತ್ತ ರಾಜು ಫೋನು ಹಿಡಿದೇ ಹೊರಗೆ ಬಂದ. ನನ್ನನ್ನು ಕಂಡು ಮುಖ ಅರಳಿಸಿದ. "ಸುಮಾ, ಬಂದಿ? ಛಲೋ ಆತು. ನಿಮ್ಮ ನೆಟ್ ಈ ಫೋನಿನ್ಯಾಗ ಕೆಲವೊಂದು ತಗಿಯವಲ್ಲದು ನೋಡು. ನಿಮ್ಮ ಆಫೀಸಿಗೆ ಫೋನ್ ಮಾಡಿ ಕಂಪ್ಲೇಂಟ್ ಬ್ಯಾರೆ ಕೊಟ್ಟೀನಿ, ಒಬ್ಬನೂ ಬರಲಿಲ್ಲ."

ಅವನ ಕೈಯಲ್ಲಿದ್ದದ್ದು ನಾನೇ ಪ್ರೊಫೈಲಿಗೆ ಸೇರಿಸಿದ್ದ ಆ ದೊಡ್ಡ ಪರದೆಯ ಫೋನು. ಮಳೆಗಾಲದಲ್ಲಿ ಅವನ ಫೋನಿನ ಪರದೆ ಒಡೆದಿತ್ತಂತೆ. ಓದುವ ಹುಡುಗಿಗೆ ಇಷ್ಟು ದೊಡ್ಡ ಫೋನ್ ಯಾಕೆ ಎಂದು ಅವಳದನ್ನು ಅವನು ತೆಗೆದುಕೊಂಡ. ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಸಣ್ಣ ಫೋನು ಅವಳಿಗೆ ಬಂತು. ಸಿಮ್‌ಗಳನ್ನು ಅದಲುಬದಲು ಮಾಡಿಕೊಂಡರು. ಇದು ಮನೆಯವರಿಗೆಲ್ಲ ಗೊತ್ತಿದ್ದ ಸಂಗತಿ. ಆದರೂ ಯಾರಿಗೂ, ಭಾಗ್ಯಾಳಿಗೂ ಕೂಡ, ಈ ಅದಲುಬದಲನ್ನೂ ಆ ಸೂಚನೆಗಳನ್ನೂ ಕೂಡಿಸಿ ನೋಡಬೇಕೆಂದು ಹೊಳೆದಿರಲಿಲ್ಲ. ನಮ್ಮ ಕಡೆ ನಂಬರೇ ಫೋನು. ನಂಬರ್ ಎಲ್ಲಿಗೆ ಹೋಯಿತೋ ಫೋನೂ ಅಲ್ಲಿಗೇ ಹೋಯಿತು ಎಂದೇ ಲೆಕ್ಕ. ರೌಟರಿಗೆ ಸಿಮ್ ಕಾಣುವುದೇ ಇಲ್ಲ. ಪ್ರತಿ ಫೋನೂ ಜೋಡಣೆಯಾಗುವಾಗ ತನ್ನದೊಂದು ಗುರುತಿನ ಸಂಖ್ಯೆಯನ್ನು ಕೊಡುತ್ತದೆ, ರೌಟರ್ ಅದನ್ನಷ್ಟೇ ನೋಡುತ್ತದೆ. ಸಿಮ್ ಯಾರದಾದರೂ ಇರಲಿ, ಆ ಫೋನಿಗೆ ನಾನಿಟ್ಟ ಹೆಸರು ಭಾಗ್ಯಾ.

ನಾನು ಇದನ್ನು ಬಿಡಿಸಿ ಹೇಳುತ್ತ ಹೋದಂತೆ ರಾಜುವಿನ ಮುಖ ಇಳಿಯಿತು. "ನಾ ಏನ್ ನೋಡೀನೋ? ಒಮ್ಮೊಮ್ಮೆ ತಾನ ಬರತಾವ ಅವು," ಎಂದು ಗೊಣಗಿ, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದ. ಅಣ್ಣನ ಮಗಳ ಹೆಸರಿನಲ್ಲಿ ಬಂದ ಆ ಸೂಚನೆಗಳನ್ನು ಭಾವ ಓದುವಾಗ ಪಕ್ಕದಲ್ಲೇ ಕುಳಿತಿದ್ದವನು, ಕಾಲೇಜು ಬಿಡಿಸೋಣ ಎಂದವನು, ಅವು ತನ್ನವೇ ಎಂದು ಅವನಿಗೆ ತಿಳಿದಿತ್ತೇ? ತಿಳಿದಿರಲಿಲ್ಲ ಎಂದು ನಂಬಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ತಾನು ನೋಡಹೋದದ್ದನ್ನೇ ಹುಡುಗಿಯೊಬ್ಬಳು ನೋಡಿದಳೆಂದರೆ ಅದು ಬೇರೆಯೇ ಪಾಪ ಎಂದುಕೊಂಡಿದ್ದನೇನೋ. ಯಾವುದು ನಿಜವಾದರೂ ನನ್ನ ಹೇಸಿಗೆ ಕಡಿಮೆಯಾಗುವುದಿಲ್ಲ.

ಈಗ ಭಾವ ಮಗಳನ್ನು ಕರೆದು ತಲೆ ಸವರುತ್ತಾರೆ ಎಂದು ಕಾದೆ. ಅವರು ಹೇಳಿದ್ದು ಇದು: "ಇರ್ಲಿ ಬಿಡು. ಆ ಕಂಟ್ರೋಲ್ ತಗದ ಹಾಕಿಬಿಡು ಸುಮಾ. ಮನ್ಯಾಗ ಎಲ್ಲಾರೂ ದೊಡ್ಡವರ ಅದಾರ. ಹೊರಗ ಬಾಯಿ ಬಿಡಬ್ಯಾಡ."

"ಎಂಟ್ ದಿನ ಇಕೀ ಕುತಗಿ ಹಿಚಕೀರಿ. ಈಗ ಎಲ್ಲಾರೂ ದೊಡ್ಡವರಾದ್ರೇನು?"

"ಗಂಡಸರ ಮಾತು ಬ್ಯಾರೆ ಐತಿ."

ಸಂಪರ್ಕ ಭಾವನ ಹೆಸರಿನಲ್ಲಿತ್ತು. ಸೌಲಭ್ಯ ಬೇಡ ಎಂದು ಗ್ರಾಹಕರು ಹೇಳಿದರೆ ತೆಗೆಯಲೇಬೇಕು, ಅದು ನಮ್ಮ ನಿಯಮ. ನಾನು ಬರಿ ಒಂದು ಚೌಕಾಸಿ ಮಾಡಿದೆ. "ಭಾಗ್ಯಾ ನಾಳೆ ಸಿಂದಗಿ ಬಸ್ ಹತ್ತಲಿ. ಅಕೀ ಕಾಲೇಜ್ ಮುಟ್ಟಿದ ಮ್ಯಾಲ ತಗೀತೀನಿ. ಇಲ್ಲಂದ್ರ ಇಲ್ಲ." ಭಾವ ಒಪ್ಪಿದರು. "ಹೋಗ್ಲಿ. ಆದ್ರ ಫೋನ್ ಕೊಡಂಗಿಲ್ಲ," ಎಂದರು. ತಪ್ಪು ಮಾಡಿದವನ ಫೋನು ಅವನ ಕಿಸೆಯಲ್ಲಿ ಹೊರಗೆ ಹೋಗಿತ್ತು. ಮಾಡದವಳದು ತಿಜೋರಿಯಲ್ಲೇ ಉಳಿಯಿತು. ಆ ಸಣ್ಣ ಫೋನಿಗೆ ಯಾವ ತಡೆಯೂ ಇರಲಿಲ್ಲ. ತಿಂಗಳುಗಟ್ಟಲೆ ಏನು ಬೇಕಾದರೂ ನೋಡಬಹುದಾಗಿದ್ದ ಹುಡುಗಿ ಅದರಲ್ಲಿ ನೋಡಿದ್ದು ಫಿಜಿಕ್ಸ್ ಪಾಠ ಮತ್ತು ಮೆಹಂದಿಯ ಚಿತ್ತಾರ. ಅದನ್ನು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಭಾಗ್ಯಾ ಕಾಲೇಜಿಗೆ ಬಂದಳು. ಪ್ರಾಕ್ಟಿಕಲ್ಲನ್ನೂ ಮುಗಿಸಿದಳು. ಮಾತು ಕೊಟ್ಟಂತೆ ನಾನು ಆ ಪ್ರೊಫೈಲನ್ನು ಅಳಿಸಿದೆ. ನನ್ನ ವೃತ್ತಿಯಲ್ಲಿ ಅಷ್ಟು ಅಸಹ್ಯಪಟ್ಟುಕೊಂಡು ಒತ್ತಿದ ಗುಂಡಿ ಇನ್ನೊಂದಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ರೌಟರ್ ಯಂತ್ರವನ್ನು ತೋರಿಸುತ್ತದೆ, ಮನುಷ್ಯನನ್ನಲ್ಲ. ಮನುಷ್ಯ ಯಾರೆಂದು ಮನೆಯವರು ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ಅಂದಿನಿಂದ ಯಾರೇ ಈ ಸೌಲಭ್ಯ ಕೇಳಲಿ, ಮನೆಯ ಫೋನುಗಳನ್ನೆಲ್ಲ ಪಡಸಾಲೆಗೆ ತರಿಸಿ, ಯಾರ ಕೈಯಲ್ಲಿ ಯಾವುದು ಎಂದು ಎಲ್ಲರೆದುರೇ ನೋಡಿ ಹೆಸರು ಹಾಕುತ್ತೇನೆ. ಎಷ್ಟೋ ಗಂಡಸರು ಅಷ್ಟಕ್ಕೇ, "ಬ್ಯಾಡ ಬಿಡ್ರಿ ಮೇಡಂ," ಎನ್ನುತ್ತಾರೆ.

ಕಾಲೇಜಿಗೆ ಹೋಗತೊಡಗಿದ ಕೆಲವು ದಿನಗಳ ಮೇಲೆ ಭಾಗ್ಯಾ ನನ್ನ ಆಫೀಸಿಗೆ ಬಂದು ಕುಳಿತಿದ್ದಳು. ಏನೋ ಮಾತಿನ ನಡುವೆ, "ಚಿಗವ್ವಾ, ಮಳೆಗಾಲದಿಂದ ಅವ್ವ ನನಗ ಕಾಕಾನ ಖೋಲಿಗೆ ಚಾ ಒಯ್ಯಾಕ ಬಿಡೂದಿಲ್ಲ. 'ಇಲ್ಲಿಡು, ನಾ ಒಯ್ತೀನಿ' ಅಂತಾಳ. ಯಾಕಂತ ಈಗ ತಿಳೀತು," ಎಂದಳು. ಕ್ರಿಕೆಟ್ಟಿನ ಸದ್ದು ನಿಂತಾಗ ನಾವೆಲ್ಲ ಖೋಲಿಯ ಬಾಗಿಲ ಕಡೆ ತಿರುಗಿದ್ದೆವು. ಅಕ್ಕ ತಿರುಗಿರಲಿಲ್ಲ, ಮೊರದಲ್ಲಿ ಕಲ್ಲು ಹುಡುಕುತ್ತಲೇ ಇದ್ದಳು. ಇದು ನಾನು ಕಂಡದ್ದೋ, ಭಾಗ್ಯಾಳ ಮಾತು ಕೇಳಿದ ಮೇಲೆ ಮನಸ್ಸು ಸೇರಿಸಿದ್ದೋ, ಖಚಿತವಾಗಿ ಹೇಳಲಾರೆ.

ಆ ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ನಾನು ಕೇಳಿ ಮುಗಿಸಿದ ಮೇಲೆ ಅವಳು, ಹಾಲು ಉಕ್ಕಾಕತ್ತೈತಿ, ಆಮ್ಯಾಲ ಮಾಡ್ತೀನಿ ಎಂದು ಇಟ್ಟಳು. ಆಮೇಲೆ ಎಷ್ಟೋ ಸಲ ಮಾತಾಡಿದ್ದೇವೆ, ಹಬ್ಬಕ್ಕೆ ಹೋಳಿಗೆಯನ್ನೂ ಕಳಿಸಿದ್ದಾಳೆ. ಆ ಪ್ರಶ್ನೆಗೆ ಮಾತ್ರ ಉತ್ತರ ಬಂದಿಲ್ಲ.

"ಅಕ್ಕಾ, ರಾಜು ಏನ್ ನೋಡ್ತಾನಂತ ನಿನಗ ಮೊದಲ ಗೊತ್ತಿತ್ತಲ್ಲ, ಮಗಳ ಬಟ್ಟಿ ಝಾಡಿಸೂವಾಗ ನೀ ಯಾಕ ಸುಮ್ಮನಿದ್ದಿ?"